ಅನುಭವ: ಇಲ್ಲ

ಸೋಡಾ ಹಾಕಿದ ನೀರಿನಲ್ಲಿ ರಕ್ತದ ಬಟ್ಟೆ ಕುದಿಯುವಾಗ ಒಂದು ವಾಸನೆ ಬರುತ್ತದೆ. ಅದು ಕೆಟ್ಟ ವಾಸನೆ ಎಂದು ನನಗೆ ಆರು ವರ್ಷ ತುಂಬುವವರೆಗೂ ಗೊತ್ತಿರಲಿಲ್ಲ. ಅದು ನಮ್ಮಮ್ಮನ ವಾಸನೆ. ಆಸ್ಪತ್ರೆಯ ಲಾಂಡ್ರಿಯಿಂದ ಬಂದು ಅವಳು ನನ್ನನ್ನು ಎತ್ತಿಕೊಂಡರೆ ಅವಳ ಕೂದಲಲ್ಲಿ, ಕೊರಳಲ್ಲಿ ಅದೇ ಇರುತ್ತಿತ್ತು. ಶಾಲೆಗೆ ಸೇರಿದ ದಿನ ನನ್ನ ಬೆಂಚಿನ ಇಬ್ಬರು ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ಸರಿದರು. ಆಗ ಗೊತ್ತಾಯಿತು. ಮೂರನೆಯವಳು ಸರಿಯಲಿಲ್ಲ. ಅವಳಿಗೆ ನೆಗಡಿ ಇತ್ತೋ, ಒಳ್ಳೆಯತನ ಇತ್ತೋ, ಇಷ್ಟು ವರ್ಷವಾದರೂ ತೀರ್ಮಾನ ಮಾಡಲಾಗಿಲ್ಲ. ಒಳ್ಳೆಯತನ ಎಂದೇ ಇಟ್ಟುಕೊಂಡಿದ್ದೇನೆ.

ಅಮ್ಮನ ಸೊಂಟ ಬಿದ್ದುಹೋದಾಗ ಅವಳ ಜಾಗಕ್ಕೆ ಮನೆಯಿಂದ ಒಬ್ಬರು ಹೋಗಬೇಕಾಯಿತು. ಅಕ್ಕ ಲಾಂಡ್ರಿಯ ತೊಟ್ಟಿಗೆ ಇಳಿದಳು. ನಾನು ಕಾಲೇಜಿನ ಮೆಟ್ಟಿಲು ಹತ್ತಿದೆ. ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಸಂಖ್ಯೆ ಅಂಟಿಸುತ್ತ ಮೂವತ್ತೊಂದು ವರ್ಷ ಕಳೆದು, ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಅಕ್ಕನ ಬೆರಳುಗಳಲ್ಲಿ ಈಗ ನಾಲ್ಕು ಉಗುರು ಉಳಿದಿವೆ. ನನಗೆ ಹತ್ತೂ ಇವೆ. ಅವಳು ಕಳೆದುಕೊಂಡ ಆರರಿಂದಲೇ ನಾನು ಕಾಲೇಜು ಓದಿದ್ದು.

ಅಕ್ಕನ ನಂತರ ಅದೇ ತೊಟ್ಟಿಗೆ ಅವಳ ಸೊಸೆ ಹೋದಳು. ಊರೆಲ್ಲ ಅವಳನ್ನು ಗುಂಡಿ ಎನ್ನುತ್ತದೆ. ಕೂಸಾಗಿದ್ದಾಗ ಅಂಗಿಯ ಗುಂಡಿ ನುಂಗಿ, ಅದು ಹೊರಗೆ ಬರುವವರೆಗೆ ಮನೆಯವರನ್ನೆಲ್ಲ ಮೂರು ದಿನ ಕಾಯಿಸಿದವಳು. ಹೆಸರಿಡುವ ಮೊದಲೇ ಹೆಸರು ಬಂತು. ಅವಳ ಗಂಡ, ಎಂದರೆ ನನ್ನಕ್ಕನ ಮಗ, ಲಾರಿ ಓಡಿಸುತ್ತಾನೆ. ಮನೆಯಲ್ಲಿದ್ದರೆ ಮಲಗಿರುತ್ತಾನೆ, ಇಲ್ಲದಿದ್ದರೆ ದಾರಿಯಲ್ಲಿರುತ್ತಾನೆ. ಮನೆ ನಡೆಯುವುದು ಗುಂಡಿಯ ಕೈಯಿಂದ, ಅಕ್ಕನ ಬಾಯಿಂದ.

ಆಸ್ಪತ್ರೆಯ ಲಾಂಡ್ರಿಗೆ ಎರಡು ಕಡೆ. ಕೊಳೆ ಕಡೆ, ಶುಭ್ರ ಕಡೆ. ನಡುವೆ ಒಂದು ಗೋಡೆ. ವಾರ್ಡುಗಳಿಂದ ಬಂದ ಹೊದಿಕೆಗಳನ್ನು ಕೊಳೆ ಕಡೆಯ ಹೆಂಗಸರು ಕೊಡವಿ, ವಿಂಗಡಿಸಿ, ನೆನೆಸಿ, ಕುದಿಸುತ್ತಾರೆ. ಹೊದಿಕೆಯೊಳಗೆ ಏನಿರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಮನುಷ್ಯನ ಮೈಯಿಂದ ಹೊರಗೆ ಬರುವುದೆಲ್ಲ ಇರುತ್ತದೆ. ಒಮ್ಮೊಮ್ಮೆ ಸೂಜಿ ಇರುತ್ತದೆ. ನೆನೆದ ಹೊದಿಕೆಯ ತೂಕ ಒಂದು ಮಗುವಿನಷ್ಟು. ದಿನಕ್ಕೆ ಮುನ್ನೂರು ಸಲ ಆ ಮಗುವನ್ನು ತೊಟ್ಟಿಯಿಂದ ಎತ್ತಬೇಕು. ಕುದಿಸಿದ ಬಟ್ಟೆ ಗೋಡೆಯ ಕಿಂಡಿಯಿಂದ ಶುಭ್ರ ಕಡೆಗೆ ಹೋಗುತ್ತದೆ. ಅಲ್ಲಿ ಒಣಗಿಸಿ, ಇಸ್ತ್ರಿ ಹಾಕಿ, ಮಡಚುತ್ತಾರೆ.

ಗೋಡೆಯ ಮೇಲೆ ಎರಡು ನಿಯಮ ಬರೆದಿತ್ತು. ಸೋಂಕಿನ ಬಟ್ಟೆಯನ್ನು ಅನುಭವ ಇಲ್ಲದವರು ಮುಟ್ಟಬಾರದು ಎಂದು ಒಂದು. ಇನ್ನೊಂದು: 'ಕೊಳೆ ಕಡೆಯ ಬಟ್ಟೆ ಶುಭ್ರ ಕಡೆಗೆ ಬರಬಾರದು.' ಒಳ್ಳೆಯ ನಿಯಮ. ಸೋಂಕು ಹರಡಬಾರದಲ್ಲ. ಬಟ್ಟೆ ಎಂದೇ ಸ್ಪಷ್ಟವಾಗಿ ಬರೆದಿತ್ತು. ಓದಿದವರು ಜನ ಎಂದೂ ಸೇರಿಸಿಕೊಂಡರು. ಹಾಗಾಗಿ ಕೊಳೆ ಕಡೆಯವರು ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಬಂದರೂ ಲಿಫ್ಟು ಹತ್ತುವಂತಿಲ್ಲ. ಹಿಂದಿನ ಮೆಟ್ಟಿಲು. ಮುಂದಿನ ನಲ್ಲಿಯಲ್ಲಿ ನೀರು ಕುಡಿಯುವಂತಿಲ್ಲ. ರಜೆಯ ದಿನ ಮಗುವಿಗೆ ಜ್ವರ ಬಂದು ರೋಗಿಯ ತಾಯಿಯಾಗಿ ಬಂದರೂ ಕಾವಲಿನವನು ಕೇಳುತ್ತಾನೆ, "ನೀನು ಕೊಳೆ ಕಡೆಯವಳಲ್ವಾ? ಹಿಂದಿನಿಂದ ಬಾ." ಸೋಂಕಿಗೆ ರಜೆ ಇಲ್ಲ ಎಂದು ಅವನ ತಿಳಿವಳಿಕೆ.

ಗುಂಡಿ ಅಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದಳು. ಮಾಡಿರಲೂ ಇಲ್ಲ. ಅದು ಹೇಗೆಂದರೆ, ಗುತ್ತಿಗೆದಾರ ಹನ್ನೊಂದು ತಿಂಗಳಿಗೊಮ್ಮೆ ಅವಳನ್ನು ಮನೆಗೆ ಕಳಿಸುತ್ತಿದ್ದ. ಮೂರು ದಿನ ಬಿಟ್ಟು ಹೊಸಬಳೆಂದು ಸೇರಿಸಿಕೊಳ್ಳುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಹದಿನೈದು ಸಲ ಅವಳು ಹೊಸಬಳಾದಳು. ಮದುಮಗಳು ಕೂಡ ಅಷ್ಟು ಸಲ ಹೊಸಬಳಾಗುವುದಿಲ್ಲ.

ಆಗ ಆಸ್ಪತ್ರೆಯಿಂದ ಪ್ರಕಟಣೆ ಬಂತು. ಲಾಂಡ್ರಿಗೆ ಎರಡು ಕಾಯಂ ಹುದ್ದೆ. ವಯಸ್ಸು ನಲವತ್ತು ಮೀರಿರಬಾರದು. ಅನುಭವ ಇದ್ದವರಿಗೆ ಆದ್ಯತೆ. ಸಂದರ್ಶನ ಇರುತ್ತದೆ.

ಕೊಳೆ ಕಡೆಯ ಆರು ಹೆಂಗಸರಲ್ಲಿ ಐವರಿಗೆ ವಯಸ್ಸು ಮೀರಿತ್ತು. ಗುಂಡಿಗೆ ಮೂವತ್ತೊಂಬತ್ತು. ಎರಡು ಹುದ್ದೆ ತುಂಬಿದರೆ ಗುತ್ತಿಗೆಯಲ್ಲಿ ಇಬ್ಬರಿಗೆ ಜಾಗ ಇರುವುದಿಲ್ಲ. ಯಾರಿಗೆ ಎಂದು ಗುತ್ತಿಗೆದಾರನ ಮೇಸ್ತ್ರಿ ಮೊದಲೇ ಹೇಳಿಬಿಟ್ಟ.

"ಚೀಟಿ ಬರೀತೀಯಲ್ಲ ನೀನು, ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ. ನೀನೇ ಮೊದಲು."

ಚೀಟಿ ಬರೆಯಲು ಕಲಿಸಿದವಳು ನಾನು. ಹಾಗಾಗಿ ಅರ್ಜಿ ಕೊಡಲು ನಾನೇ ಜೊತೆಗೆ ಹೋದೆ.

ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಅನುಭವದ ಕಾಲಮಿನ ಮುಂದೆ ಪೆನ್ನು ಹಿಡಿದು ಕೇಳಿದ, "ಎಷ್ಟು?"

"ಹದಿನಾಲ್ಕು ವರ್ಷ," ಎಂದಳು ಗುಂಡಿ.

"ಒಟ್ಟಿಗೆ ಒಂದು ವರ್ಷ ಇದ್ರೆ ಮಾತ್ರ ಬರೀಬಹುದು. ಇದೆಯಾ?"

"ಹನ್ನೊಂದು ತಿಂಗಳು ಇದೆ. ಹದಿನೈದು ಸಲ."

"ಹಾಗಾದ್ರೆ ಇಲ್ಲ." ಅವನು 'ಇಲ್ಲ' ಎಂದು ಬರೆದ. ಚೆಂದದ ಅಕ್ಷರ. ನಂತರ ನನ್ನ ಮುಖ ನೋಡಿ, ಮೆಲ್ಲಗೆ, "ಫೋಟೋ ಸ್ವಲ್ಪ ಓರೆಯಾಗಿದೆ ಅಮ್ಮ, ನಾನೇ ನೇರವಾಗಿ ಅಂಟಿಸ್ತೀನಿ ಬಿಡಿ," ಎಂದ. ಅವನ ಕೈಲಾದದ್ದು ಅಷ್ಟು. ಅಂಟಿಸಿದ.

ಸಂದರ್ಶನಕ್ಕೆ ತಯಾರು ಮಾಡುವ ಒಬ್ಬ ಮೇಷ್ಟ್ರು ಆ ಬೀದಿಯಲ್ಲೇ ಇದ್ದ. ಗೋಡೆಯ ತುಂಬ ನಗುವ ಜನರ ಚಿತ್ರ. ಎಲ್ಲರ ಹಲ್ಲೂ ಒಂದೇ ಅಂಗಡಿಯಲ್ಲಿ ಕೊಂಡಂತೆ. ಅವನು ನಿಲ್ಲುವುದು, ಕೂರುವುದು, ನಗುವುದು ಮೂರನ್ನೂ ಒಂದೇ ಮಧ್ಯಾಹ್ನದಲ್ಲಿ ಕಲಿಸುತ್ತಿದ್ದ. ನಾನು ಗುಂಡಿಯನ್ನು ಕರೆದುಕೊಂಡು ಹೋದೆ. ಈಗ ನೆನೆದರೆ ನನಗೇ ನಾಚಿಕೆ. ಓದಿದವಳಿಗೆ ಓದಿಸುವವರ ಮೇಲೆ ನಂಬಿಕೆ ಹೆಚ್ಚು.

"ಹಸ್ತಲಾಘವ ಬಹಳ ಮುಖ್ಯ. ಗಟ್ಟಿಯಾಗಿ ಹಿಡೀಬೇಕು. ಹಿಡೀರಿ," ಎಂದ ಮೇಷ್ಟ್ರು.

ಗುಂಡಿ ಹಿಡಿದಳು. ಸೋಡಾ ತಿಂದ ಅಂಗೈ. ಬಿರುಕು ಬಿಟ್ಟು, ಚರ್ಮ ಒಣಮೀನಿನಂತಾಗಿತ್ತು. ಮೇಷ್ಟ್ರು ನಗುತ್ತಲೇ ಕೈ ಬಿಡಿಸಿಕೊಂಡ. ನಗುತ್ತಲೇ ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹಸ್ತಲಾಘವ ಬೇಡ. ನಿಮ್ಮ ಹುದ್ದೆಗೆ ಅದು ಬೇಕಿಲ್ಲ. ತಲೆ ಬಾಗಿಸಿ, ಸಾಕು."

ನಮ್ಮ ಅಭ್ಯಾಸ ಮನೆಯಲ್ಲಿ ನಡೆಯಿತು. ಸಂಜೆ ಅಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅಧ್ಯಕ್ಷಳಾಗಿ ಕೂತಳು. ನಾನು ಮೇಷ್ಟ್ರು ಕೊಟ್ಟ ಹಾಳೆ ನೋಡಿ ಪ್ರಶ್ನೆ ಕೇಳುತ್ತಿದ್ದೆ. ಗುಂಡಿ ಬಾಗಿಲಿನಿಂದ ಒಳಗೆ ಬರಬೇಕು, ನಗಬೇಕು, ಕುರ್ಚಿಯಲ್ಲಿ ಕೂರಬೇಕು.

ಕೂರುವುದೇ ಅವಳಿಗೆ ಕಷ್ಟವಾಯಿತು. ಆಸ್ಪತ್ರೆಯ ಕುರ್ಚಿ ಎಂದು ಊಹಿಸಿಕೊಂಡ ಕೂಡಲೇ ಮೈ ಸೆಟೆಯುತ್ತಿತ್ತು. ಹದಿನಾಲ್ಕು ವರ್ಷ ಆ ಕಟ್ಟಡದಲ್ಲಿ ಅವಳು ಕೂತದ್ದು ಗಂಟಿನ ಮೇಲೆ, ಇಲ್ಲವೇ ನೆಲದ ಮೇಲೆ.

"ಕೂತ್ಕೊಳ್ಳೇ. ಕುರ್ಚಿ ಕಚ್ಚಲ್ಲ," ಎಂದಳು ಅಕ್ಕ.

"ಅಭ್ಯಾಸ ಇಲ್ಲ ಅತ್ತೆ."

"ನಿನ್ನ ಬುಡ ನಿನ್ನದೇ. ಅದಕ್ಕೂ ಅವರ ಅಪ್ಪಣೆ ಬೇಕಾ?"

ಇಪ್ಪತ್ತು ಸಲ ಕೂರಿಸಿದೆವು. ಇಪ್ಪತ್ತನೆಯ ಸಲ ಬೆನ್ನು ಒರಗಿಸಿ ಕೂತಳು. ಅಕ್ಕ ಬಕೆಟ್ಟಿನ ಮೇಲಿಂದಲೇ ಚಪ್ಪಾಳೆ ತಟ್ಟಿದಳು.

"ನಿಮ್ಮ ದೌರ್ಬಲ್ಯ ಏನು?" ಎಂದು ನಾನು ಓದಿದೆ. "ಗುಂಡಿ, ಇದಕ್ಕೆ 'ನಾನು ಅತಿಯಾಗಿ ಕೆಲಸ ಮಾಡ್ತೀನಿ, ಅದೇ ನನ್ನ ದೌರ್ಬಲ್ಯ' ಅನ್ನಬೇಕಂತೆ."

"ಅದು ದೌರ್ಬಲ್ಯ ಅಲ್ಲ ಕಣೇ, ಹಣೆಬರಹ," ಎಂದಳು ಅಕ್ಕ.

"ಐದು ವರ್ಷ ಆದ್ಮೇಲೆ ನಿಮ್ಮನ್ನ ನೀವು ಎಲ್ಲಿ ಕಾಣ್ತೀರಿ?"

ಗುಂಡಿ ಯೋಚಿಸಿದಳು. "ಚಿಕ್ಕತ್ತೆ, ಇದನ್ನ ಯಾರಾದ್ರೂ ನಿಜವಾಗ್ಲೂ ಕೇಳ್ತಾರಾ? ತೊಟ್ಟಿ ತೊಳೆಯೋಳನ್ನ?"

"ಕೇಳ್ತಾರಂತೆ."

"ಐದು ವರ್ಷ ಆದ್ಮೇಲೂ ತೊಟ್ಟಿ ಮುಂದೇನೇ ಇರಬೇಕು ಅಂತ ತಾನೇ ನಾನು ಹೋಗ್ತಿರೋದು?"

ಅಧ್ಯಕ್ಷಳು ಬಕೆಟ್ಟಿನಿಂದ ಬೀಳುವ ಹಾಗೆ ನಕ್ಕಳು. ನಕ್ಕು ನಕ್ಕು, ಕೊನೆಗೆ ಕಣ್ಣೊರೆಸಿಕೊಂಡಳು. ಉಗುರಿಲ್ಲದ ಬೆರಳಿನಿಂದ.

ಸಂದರ್ಶನಕ್ಕೆ ಐದು ದಿನ ಇರುವಾಗ ಲಾಂಡ್ರಿಯ ಬಾಯ್ಲರು ಕೆಟ್ಟಿತು. ಕುದಿಸುವ ಹಾಗಿಲ್ಲ. ಮೇಸ್ತ್ರಿ ತಣ್ಣೀರಿನಲ್ಲೇ ಅದ್ದಿ, ನೀಲಿ ಹಾಕಿ ಕಿಂಡಿಯಿಂದ ಕಳಿಸಲು ಹೇಳಿದ. ಗುಂಡಿ ಆಡಳಿತ ಕಚೇರಿಗೆ ಚೀಟಿ ಬರೆದಳು. ಉತ್ತರ ಬರಲಿಲ್ಲ. ಇನ್ನೊಂದು ಬರೆದಳು. ಸೋಂಕಿನ ವಾರ್ಡಿನ ಹೊದಿಕೆಗಳನ್ನು ಮಾತ್ರ ಅವಳು ಕಳಿಸಲಿಲ್ಲ. ಗಂಟು ಕಟ್ಟಿ ಮೂಲೆಯಲ್ಲಿಟ್ಟಳು. ಆ ವಾರ್ಡಿನ ಹೊದಿಕೆಗಳ ಮೂಲೆಯಲ್ಲಿ ಕೆಂಪು ನೂಲಿನ ಹೊಲಿಗೆ ಇರುತ್ತದೆ, ಬೇರೆಯವುಗಳ ಜೊತೆ ಬೆರೆಯದಿರಲಿ ಎಂದು. ಎರಡು ಸಲ ಕುದಿಸಬೇಕು. ಇದನ್ನು ಅವಳು ಮನೆಯಲ್ಲಿ ಹೇಳಿದ್ದಳು. ನಾನು ಪ್ರಶ್ನೆಯ ಹಾಳೆಯಲ್ಲಿ ಮುಳುಗಿದ್ದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂದರ್ಶನ ನಾಲ್ಕನೆಯ ಮಹಡಿಯಲ್ಲಿ. ಗುಂಡಿ ಒಗೆದ ಬಟ್ಟೆ ಹಾಕಿಕೊಂಡು, ಕೂದಲು ಬಿಗಿಯಾಗಿ ಕಟ್ಟಿಕೊಂಡು ಬಂದಿದ್ದಳು. ಕಾಲುಗಳು ಅವಳನ್ನು ಕೇಳದೆ ಹಿಂದಿನ ಮೆಟ್ಟಿಲಿಗೆ ಹೋದವು.

"ಇವತ್ತು ನೀನು ಅಭ್ಯರ್ಥಿ. ಲಿಫ್ಟಲ್ಲಿ ಹೋಗೋಣ," ಎಂದೆ.

"ಬೇಡ ಚಿಕ್ಕತ್ತೆ. ಮೇಲೆ ಹೋಗೋ ಮೊದಲೇ ಜಗಳ ಆದ್ರೆ ಕಲ್ತ ನಗು ಮರೆತುಹೋಗತ್ತೆ."

ನನ್ನ ಮೊಣಕಾಲುಗಳು ನಾಲ್ಕು ಮಹಡಿಗಳನ್ನೂ ಎಣಿಸಿದವು.

ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ. ಎಲ್ಲರ ತೊಡೆಯ ಮೇಲೂ ಫೈಲು. ಅವರಲ್ಲಿ ಗಡ್ಡಕ್ಕೆ ಎಣ್ಣೆ ಹಚ್ಚಿದ, ಮೂವತ್ತೈದರ ಒಬ್ಬ ಗಂಡಸು ಆಕಳಿಸುತ್ತ ಕೂತಿದ್ದ. ಸಂದರ್ಶನಕ್ಕೆ ಬಂದು ಆಕಳಿಸುವವರನ್ನು ನೋಡಿದರೆ ಕೆಲಸ ಯಾರಿಗೆ ಆಗಿದೆ ಎಂದು ತಿಳಿಯುತ್ತದೆ. ಅವನು ಆಸ್ಪತ್ರೆಯ ಆಡಳಿತಾಧಿಕಾರಿಯ ಭಾಮೈದ. ಅವನ ಫೈಲಿನ ಮೇಲ್ಗಡೆಯೇ ಅನುಭವ ಪತ್ರ ಇತ್ತು. ಗುತ್ತಿಗೆದಾರನ ಮುದ್ರೆ. 'ಕೊಳೆ ವಿಭಾಗದಲ್ಲಿ, ಸೋಂಕಿನ ಬಟ್ಟೆಗಳ ನಿರ್ವಹಣೆಯಲ್ಲಿ ಐದು ವರ್ಷ.' ಗುಂಡಿ ಅದನ್ನು ಓದಿದಳು. ಅವನ ಮುಖ ನೋಡಿದಳು. ಮತ್ತೆ ಓದಿದಳು.

"ಎಲ್ಲಿ ಅಡಗಿದ್ರಿ ಅಣ್ಣ, ತೊಟ್ಟಿ ಒಳಗಾ?" ಎಂದಳು.

ಅವನು ಮೊದಲು ಒಳಗೆ ಹೋದ. ಐದು ನಿಮಿಷದಲ್ಲಿ ಹೊರಗೆ ಬಂದ.

"ಏನು ಕೇಳಿದ್ರಪ್ಪ?" ಎಂದೆ ನಾನು.

"ನಮ್ಮಕ್ಕನ ಮಂಡಿನೋವು ಹೇಗಿದೆ ಅಂತ," ಎಂದ. ಸುಳ್ಳು ಹೇಳುವಷ್ಟು ಬುದ್ಧಿಯೂ ಇಲ್ಲದ, ಒಂದು ರೀತಿಯಲ್ಲಿ ಒಳ್ಳೆಯ ಮನುಷ್ಯ.

ಗುಂಡಿಯ ಹೆಸರು ಕರೆದರು. ಬಾಗಿಲಲ್ಲಿ ನಿಂತಿದ್ದ ಮುದಿ ಜವಾನ ಅವಳನ್ನು ಒಳಗೆ ಬಿಟ್ಟು, ಬಾಗಿಲನ್ನು ಪೂರ್ತಿ ಹಾಕಲಿಲ್ಲ. ನನ್ನ ಕಡೆ ನೋಡದೆಯೇ, "ಹಾಕಿದ್ರೆ ಕಿರ್ ಅಂತದೆ, ಸಾಹೇಬ್ರಿಗೆ ಆಗಲ್ಲ," ಎಂದ. ಬಾಗಿಲಿಗೆ ಎಣ್ಣೆ ಬಿಟ್ಟಿದ್ದು ಕಾಣುತ್ತಿತ್ತು. ನಾನು ಬೆಂಚಿನ ಆ ತುದಿಗೆ ಸರಿದು ಕೂತೆ.

ಮೇಜಿನ ಹಿಂದೆ ಮೂವರು. ನಡುವೆ ಆಸ್ಪತ್ರೆಯ ದೊಡ್ಡ ಡಾಕ್ಟರು. ಒಂದು ಪಕ್ಕ ಆಡಳಿತಾಧಿಕಾರಿ. ಇನ್ನೊಂದು ಪಕ್ಕ ಹೊರಗಿನಿಂದ ಕರೆಸಿದ ವ್ಯಕ್ತಿತ್ವ ತಜ್ಞೆ. ಕುರ್ಚಿಗಳಿಗೆಲ್ಲ ಬೆಳ್ಳನೆಯ ಹೊಸ ಹೊದಿಕೆ ಹಾಕಿ ಹಿಂದೆ ಗಂಟು ಕಟ್ಟಿದ್ದರು. ಗುಂಡಿಗೆ ಇಟ್ಟ ಕುರ್ಚಿಗೂ ಹಾಕಿದ್ದರು. ಮರ್ಯಾದೆಯೇ.

"ಕೂತ್ಕೊಳ್ಳಮ್ಮ," ಎಂದರು ಡಾಕ್ಟರು.

ಗುಂಡಿ ಕುರ್ಚಿಯ ಹತ್ತಿರ ಹೋದಳು. ನಿಂತಳು. ಕೂರಲಿಲ್ಲ.

"ಪರವಾಗಿಲ್ಲ, ಕೂತ್ಕೋ."

"ಬೇಡ ಸಾರ್."

ಇಪ್ಪತ್ತು ಸಲ ಕೂರಿಸಿದ್ದು ನೀರುಪಾಲಾಯಿತು ಎಂದುಕೊಂಡೆ. ತಜ್ಞೆ ಬರೆದುಕೊಳ್ಳುತ್ತ ಗಟ್ಟಿಯಾಗಿಯೇ ಹೇಳಿದಳು, "ಆತ್ಮವಿಶ್ವಾಸದ ಕೊರತೆ."

"ಕೊಳೆ ಕಡೆಯವರಲ್ವಾ ಮೇಡಂ, ಸಂಕೋಚ. ಒಳ್ಳೇ ನಡತೆ. ನಿಂತೇ ಇರ್ಲಿ ಬಿಡಿ," ಎಂದ ಆಡಳಿತಾಧಿಕಾರಿ.

"ಅನುಭವ?" ಎಂದರು ಡಾಕ್ಟರು.

"ಹದಿನಾಲ್ಕು ವರ್ಷ ಸಾರ್. ಇದೇ ಆಸ್ಪತ್ರೆ."

ಆಡಳಿತಾಧಿಕಾರಿ ಅರ್ಜಿಯನ್ನು ಬೆರಳಿನಿಂದ ಕುಟ್ಟಿದ. "ಇಲ್ಲಿ 'ಇಲ್ಲ' ಅಂತಿದೆ. ನಮಗೆ ಕಾಗದದಲ್ಲಿ ಏನಿದೆಯೋ ಅಷ್ಟೇ ಸತ್ಯ. ಬಾಯಲ್ಲಿ ಯಾರು ಬೇಕಾದ್ರೂ ಹೇಳಬಹುದು."

"ಹಾಗಾದ್ರೆ ಸರಿ ಸಾರ್," ಎಂದಳು ಗುಂಡಿ.

ಅವಳು ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದಕ್ಕೆ ನನಗೆ ಸಿಟ್ಟು ಬಂತು. ಒಳಗೆ ನುಗ್ಗೋಣ ಎನಿಸಿತು. ಜವಾನ ಕಣ್ಣಲ್ಲೇ ಬೇಡ ಎಂದ.

ತಜ್ಞೆ ನಕ್ಕು, ಹೊಸ ಹಾಳೆ ತಿರುಗಿಸಿದಳು. "ಹೇಳಿ. ಐದು ವರ್ಷ ಆದ್ಮೇಲೆ ನಿಮ್ಮನ್ನ ನೀವು ಎಲ್ಲಿ ಕಾಣ್ತೀರಿ?"

"ಅದು ಆಮೇಲಿನ ಮಾತು ಮೇಡಂ," ಎಂದಳು ಗುಂಡಿ. "ಈಗ ನೀವು ಎಲ್ಲಿ ಕೂತಿದೀರಿ, ಅದನ್ನ ನೋಡ್ಕೊಳ್ಳಿ."

"ಅಂದ್ರೆ?"

"ಕುರ್ಚಿ ಬಟ್ಟೆ ಮೂಲೆಯಲ್ಲಿ ಕೆಂಪು ನೂಲು ಇದೆ."

ತಜ್ಞೆ ಬಗ್ಗಿ ನೋಡಿದಳು. "ಚೆನ್ನಾಗಿದೆಯಲ್ಲ, ಕಸೂತಿ."

"ಕಸೂತಿ ಅಲ್ಲ ಮೇಡಂ. ಸೋಂಕಿನ ವಾರ್ಡು."

ಆಡಳಿತಾಧಿಕಾರಿ ನಕ್ಕ. "ತೊಳೆದೇ ಇರ್ತಾರೆ. ಬೆಳ್ಳಗಿರೋದು ತಗೊಂಬಾ ಅಂತ ನಾನೇ ಮೇಸ್ತ್ರಿಗೆ ಹೇಳಿದ್ದು."

"ಹೊಸ ಬಟ್ಟೆ, ಅದಕ್ಕೇ ಬೆಳ್ಳಗಿದೆ. ಬಾಯ್ಲರು ಕೆಟ್ಟು ಐದು ದಿನ ಆಯ್ತು ಸಾರ್. ನಿಮಗೆ ಎರಡು ಚೀಟಿ ಕಳಿಸಿದೀನಿ. ಕುದಿಸದ ಗಂಟು ಅಂತ ನಾನೇ ಕಟ್ಟಿ ಮೂಲೆಗಿಟ್ಟಿದ್ದೆ. ಅದನ್ನೇ ಬಿಚ್ಚಿ, ತಣ್ಣೀರಲ್ಲಿ ಅದ್ದಿ ತಂದಿದಾರೆ. ಬೇಕಾದ್ರೆ ಮೂಸಿ ನೋಡಿ. ಸೋಡಾ ವಾಸನೆ ಬರಲ್ಲ. ಬರೀ ನೀಲಿ. ಬಾಗಿಲಲ್ಲಿ ಕಾಲಿಟ್ಟಾಗ್ಲೇ ನನಗೆ ಗೊತ್ತಾಯ್ತು. ಅದಕ್ಕೇ ಕೂರಲಿಲ್ಲ."

ದೊಡ್ಡ ಡಾಕ್ಟರು ಮೊದಲು ಎದ್ದರು. ಆ ವಾರ್ಡಿನಲ್ಲಿ ಯಾರು ಮಲಗಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ತಜ್ಞೆ ಎದ್ದಳು, ಎನ್ನುವುದಕ್ಕಿಂತ ಹಾರಿದಳು. ಆಡಳಿತಾಧಿಕಾರಿ ಕೊನೆಗೆ ಎದ್ದ. ಅವನ ಬೆಲ್ಟಿಗೆ ಸಿಕ್ಕಿಕೊಂಡು ಕುರ್ಚಿಯ ಹೊದಿಕೆಯೂ ಜೊತೆಗೆ ಎದ್ದಿತು. ಹಿಂದೆ ಬಾಲ ಕಟ್ಟಿಕೊಂಡ ಹಾಗೆ ಅವನು ಎರಡು ಸುತ್ತು ತಿರುಗಿದ.

ಆ ಕೋಣೆಯಲ್ಲಿ ಎಲ್ಲರೂ ನಿಂತಿದ್ದರು.

"ತೆಗಿ! ಎಲ್ಲಾ ತೆಗಿ! ಹೊತ್ಕೊಂಡು ಹೋಗು ಇದನ್ನ!" ಎಂದು ಕೂಗಿದ ಆಡಳಿತಾಧಿಕಾರಿ.

ಗುಂಡಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಆಗಲ್ಲ ಸಾರ್."

"ಏನಂದೆ?"

"ಆಗಲ್ಲ ಅಂದೆ. ಸೋಂಕಿನ ಬಟ್ಟೆನ ಅನುಭವ ಇಲ್ಲದವರು ಮುಟ್ಟಬಾರದು. ನಿಮ್ಮ ನಿಯಮದಲ್ಲೇ ಇದೆ. ನನಗೆ ಅನುಭವ ಇಲ್ಲ. ಕಾಗದ ನೋಡಿ."

"ದಿನಾ ಮುಟ್ತಿದ್ದೆಯಲ್ಲೇ!"

"ದಿನಾ ಮುಟ್ಟಿದ್ದು ಯಾರು ಸಾರ್? ಕಾಗದದಲ್ಲಿ ಯಾರೂ ಇಲ್ಲ. ಹದಿನಾಲ್ಕು ವರ್ಷ ನಿಮ್ಮ ಬಟ್ಟೆ ತಾನಾಗೇ ಶುಭ್ರ ಆಗಿದೆ. ಇವತ್ತೂ ಆಗ್ಲಿ." ಅವಳ ದನಿ ಏರಲಿಲ್ಲ. "ಅನುಭವ ಇರೋರು ಒಬ್ಬರು ಹೊರಗೆ ಕೂತಿದಾರೆ. ಐದು ವರ್ಷದ್ದು. ಮುದ್ರೆ ಇದೆ. ಅವರನ್ನ ಕರೀರಿ."

ಜವಾನ ಯಾರ ಅಪ್ಪಣೆಗೂ ಕಾಯಲಿಲ್ಲ. ಭಾಮೈದನ ತೋಳು ಹಿಡಿದು ಒಳಗೆ ಬಿಟ್ಟ.

ಭಾಮೈದನಿಗೆ ವಿಷಯ ತಿಳಿಯಲಿಲ್ಲ. ತೆಗೆಯಿರಿ ಎಂದರು ಡಾಕ್ಟರು, ತೆಗೆದ. ಮದುವೆ ಮನೆಯ ಹಾಸಿಗೆ ಎತ್ತುವಂತೆ ಎರಡು ಹೊದಿಕೆಗಳನ್ನು ಎಳೆದು, ಎದೆಗೆ ಅವುಚಿಕೊಂಡು, ಗಲ್ಲದಿಂದ ಒತ್ತಿ ಹಿಡಿದು ನಿಂತ.

"ಅಯ್ಯೋ, ಮೈಗೆ ತಾಗಿಸ್ಬೇಡಿ! ಅದು ಸೋಂಕಿನ ಬಟ್ಟೆ!" ಎಂದಳು ಗುಂಡಿ. ನಿಜವಾದ ಗಾಬರಿಯಿಂದ.

ಅವನು ಬಟ್ಟೆ ಬಿಟ್ಟು ಬಾಗಿಲಿಗೆ ಓಡಿದ.

"ಐದು ವರ್ಷ ಎಲ್ಲಿ ಕೆಲಸ ಮಾಡಿದ್ರಿ?" ಎಂದು ಡಾಕ್ಟರು ಹಿಂದಿನಿಂದ ಕೇಳಿದರು.

"ಭಾವನ್ನ ಕೇಳಿ ಸಾರ್," ಎಂದ ಭಾಮೈದ.

ಡಾಕ್ಟರು ಭಾವನನ್ನು ಕೇಳಲಿಲ್ಲ. ಗುಂಡಿಯ ಅರ್ಜಿ ಎಳೆದುಕೊಂಡು, ನಿಂತೇ, ಗೋಡೆಗೆ ಒತ್ತಿ ಹಿಡಿದು, 'ಇಲ್ಲ' ಎಂಬುದನ್ನು ಹೊಡೆದುಹಾಕಿದರು. ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದರು: 'ಹದಿನಾಲ್ಕು ವರ್ಷ. ಹನ್ನೊಂದು ತಿಂಗಳ ಅವಧಿಗಳನ್ನು ನಿರಂತರ ಸೇವೆ ಎಂದು ಪರಿಗಣಿಸಲಾಗಿದೆ.' ಸಹಿ ಹಾಕಿದರು.

"ಈಗಲಾದ್ರೂ ತೆಗೀತೀಯಾ?" ಎಂದ ಆಡಳಿತಾಧಿಕಾರಿ.

"ಮುದ್ರೆ?" ಎಂದಳು ಗುಂಡಿ.

ಮುದ್ರೆ ಬಿತ್ತು.

"ಕೈಗವಸು ಬೇಕು. ಕೆಂಪು ಚೀಲ ಬೇಕು," ಎಂದಳು. ಜವಾನ ತಂದ. ಅವಳು ಕೆಲಸ ಮಾಡುವುದನ್ನು ನಾನು ನನ್ನ ಜನ್ಮದಲ್ಲಿ ಅಂದೇ ಮೊದಲು ನೋಡಿದ್ದು. ಪ್ರತಿ ಹೊದಿಕೆಯ ನಾಲ್ಕು ಮೂಲೆಯನ್ನೂ ಒಳಕ್ಕೆ ಮಡಚಿ, ಗಾಳಿ ಏಳದಂತೆ ಸುತ್ತಿ, ತೋಳುದ್ದ ದೂರ ಹಿಡಿದು ಚೀಲಕ್ಕೆ ಇಳಿಸಿದಳು. ನಾಲ್ಕು ನಿಮಿಷ. ನೋಡುತ್ತ ನಿಂತ ಮೂವರಿಗೂ, ಎಲ್ಲಿಯವರೆಗೆ ಕೈ ತೊಳೆದುಕೊಳ್ಳಬೇಕು, ಯಾವ ಬಟ್ಟೆ ಕುದಿಸಬೇಕು ಎಂದು ಹೇಳಿದಳು. "ಮೇಡಂ, ಮನೇಲಿ ಮಗು ಇದ್ರೆ, ಎತ್ಕೊಳ್ಳೋ ಮೊದಲು ಸ್ನಾನ ಮಾಡಿ," ಎಂದಳು ತಜ್ಞೆಗೆ. ಆ ತಾಯಿಗೆ ಅಳು ಬಂತು. ಹಾಳೆಯಲ್ಲಿ ಬರೆದದ್ದನ್ನು ಏನು ಮಾಡಿದಳೋ, ಹರಿದ ಸದ್ದಂತೂ ಕೇಳಿಸಿತು.

ವಾರ ಕಳೆದು ಪಟ್ಟಿ ಬಂತು. ಮೊದಲ ಹೆಸರು ಗುಂಡಿಯದು. ಎರಡನೆಯದು ಭಾಮೈದನದು.

ಅಕ್ಕ ಪಟ್ಟಿಯ ಮುಂದೆ ನಿಂತು, ನಾಲ್ಕು ಜನ ತಿರುಗಿ ನೋಡುವಂತೆ ಹೇಳಿದಳು, "ಅವನಿಗೂ ಆಯ್ತಾ? ಹಾಗಾದ್ರೆ ನ್ಯಾಯ ಸತ್ತಿಲ್ಲ, ಮಂಡಿ ನೋಯ್ತಾ ಇದೆ ಅಷ್ಟೇ."

ಆದರೆ ದೊಡ್ಡ ಡಾಕ್ಟರು ಒಂದು ಕೆಲಸ ಮಾಡಿದ್ದರು. ಭಾಮೈದನ ಅನುಭವ ಪತ್ರವನ್ನು ಅಕ್ಷರಕ್ಷರ ನಂಬಿದ್ದರು. ಸೋಂಕಿನ ಬಟ್ಟೆಗಳಲ್ಲಿ ಐದು ವರ್ಷ ಪಳಗಿದವನನ್ನು ಇಸ್ತ್ರಿ ಹಾಕಲು ಕೂರಿಸುವುದುಂಟೇ? ಇಬ್ಬರಿಗೂ ಕೊಳೆ ಕಡೆ ಎಂದು ಆದೇಶ ಬರೆದರು. ಗುಂಡಿಯ ಅರ್ಜಿಯ ಆ ಪುಟವನ್ನು ಉಳಿದ ಐವರು ಹೆಂಗಸರೂ ನಕಲು ಮಾಡಿಸಿಕೊಂಡರು. ಅವರ ಹನ್ನೊಂದು ತಿಂಗಳುಗಳೂ ಹನ್ನೊಂದೇ ತಿಂಗಳುಗಳಲ್ಲವೇ? ತಮ್ಮ ಸೇವೆಯನ್ನೂ ನಿರಂತರ ಎಂದು ಪರಿಗಣಿಸಿ ಎಂಬ ಅವರ ಅರ್ಜಿಗಳನ್ನು ನಾನೇ ಬರೆದೆ. ಅವು ತೀರ್ಮಾನವಾಗುವವರೆಗೆ ಯಾರನ್ನೂ ತೆಗೆಯುವಂತಿರಲಿಲ್ಲ. ಗುಮಾಸ್ತ ಈ ಸಲ ಅನುಭವದ ಕಾಲಮಿನ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದ.

ಮೊದಲ ದಿನ ಗುಂಡಿ ಅವಸರದಲ್ಲಿ ಊಟದ ಡಬ್ಬಿ ಮರೆತು 'ಕಾಯಂ' ಕೆಲಸಕ್ಕೆ ಓಡಿದಳು. ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ನಾನು ಲಾಂಡ್ರಿಯ ಹಿಂದಿನ ಕಟ್ಟೆಗೆ ಹೋದೆ. ಅವಳು ಕೈ ತೊಳೆದುಕೊಂಡು ಬಂದು ಕೂತಳು. ನೀಲಿ ಸಮವಸ್ತ್ರ. ಎದೆಯ ಮೇಲೆ ಹೆಸರಿನ ಚೀಟಿ. ಆ ಲಾಂಡ್ರಿಯೊಳಗೆ ಅವಳ ಹೆಸರು ಬರೆದದ್ದು ಅದೇ ಮೊದಲು.

ಆಗ ಭಾಮೈದ ಬಂದ. ಗಡ್ಡದಲ್ಲಿ ಎಣ್ಣೆ ಇರಲಿಲ್ಲ. ಅಂಗೈ ಎರಡೂ ಕೆಂಪಗೆ ಬೆಂದಿದ್ದವು. ಅವುಗಳ ಮೇಲೆ ಊದಿಕೊಳ್ಳುತ್ತ ನಿಂತ. ಬೆಳಗಿನಿಂದ ಎರಡು ಸಲ ವಾಂತಿ ಮಾಡಿದನಂತೆ, ಆದರೂ ತೊಟ್ಟಿ ಬಿಟ್ಟು ಹೋಗಲಿಲ್ಲವಂತೆ. ಗುಂಡಿ ಆಮೇಲೆ ಹೇಳಿದಳು.

"ಕ್ಯಾಂಟೀನಿಗೆ ಹೋಗಿದ್ದೆ," ಎಂದ. "ಬಾಗಿಲಲ್ಲೇ ನಿಲ್ಲಿಸಿದ್ರು. ಈ ಬಟ್ಟೆ ನೋಡಿ, ಕೊಳೆ ಕಡೆಯವರಿಗೆ ಒಳಗೆ ಇಲ್ಲ ಅಂದ್ರು. ಕೈ ತೊಳ್ಕೊಂಡಿದೀನಿ ಅಂದೆ. ಆದ್ರೂ ಇಲ್ಲವಂತೆ. ಯಾರ್ರೀ ಮಾಡಿದ್ದು ಇಂಥಾ ನಿಯಮನ?"

"ನಿಮ್ಮ ಭಾವ," ಎಂದಳು ಗುಂಡಿ.

ಅವನು ಕಟ್ಟೆಯ ಆ ತುದಿಯಲ್ಲಿ, ನಮ್ಮಿಂದ ದೂರ, ಕೂತ.

ಗುಂಡಿ ಜೇಬಿನಿಂದ ಒಂದು ಹಾಳೆ ತೆಗೆದಳು. ಆ ನಿಯಮವನ್ನು ಬಟ್ಟೆಗೆ ಮಾತ್ರ ಇಟ್ಟು, ಜನರ ಮೇಲಿಂದ ತೆಗೆಯಬೇಕೆಂಬ ಮನವಿ. ಕೊಳೆ ಕಡೆಯ ಆರು ಹೆಂಗಸರೂ ಸಹಿ ಹಾಕಿದ್ದರು. ಏಳನೆಯ ಗೆರೆ ಖಾಲಿ ಇತ್ತು. ಅವನು ಓದಿದ.

"ಭಾವನ ವಿರುದ್ಧ ಸಹಿ ಹಾಕ್ಲಾ? ಅಕ್ಕ ಮನೆಗೆ ಸೇರಿಸಲ್ಲ," ಎಂದ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ. ವಾಪಸ್ಸೂ ಕೊಡಲಿಲ್ಲ, ಪೆನ್ನನ್ನೂ ಕೇಳಲಿಲ್ಲ. ಅವನ ಹೊಟ್ಟೆ ಗುರ್ ಎಂದದ್ದು ನನಗೂ ಕೇಳಿಸಿತು.

ನನ್ನಕ್ಕ ಆಗಿದ್ದರೆ ಸಹಿ ಹಾಕಿ ಆಮೇಲೆ ಉಣ್ಣು ಎನ್ನುತ್ತಿದ್ದಳು. ನಾನಾಗಿದ್ದರೂ ಬಹುಶಃ ಅನ್ನುತ್ತಿದ್ದೆ.

ಗುಂಡಿ ಹಾಳೆಯ ಮಾತನ್ನೇ ಎತ್ತಲಿಲ್ಲ. ಡಬ್ಬಿ ಬಿಚ್ಚಿದಳು. ಮುಚ್ಚಳವನ್ನು ಅಂಗಾತ ಇಟ್ಟು, ಅರ್ಧ ಅನ್ನ ಅದಕ್ಕೆ ಹಾಕಿದಳು. ಇದ್ದ ಒಂದೇ ಮೊಟ್ಟೆಯನ್ನು ಬೆರಳಿನಿಂದ ಎರಡು ಮಾಡಿ, ಒಂದನ್ನು ಅದರ ಮೇಲಿಟ್ಟಳು. ಎದ್ದು ಹೋಗಿ, ಬೆಂದ ಅಂಗೈಗೆ ತಾಗದಂತೆ, ಅವನ ಬೆರಳ ತುದಿಗಳಿಗೆ ಮುಚ್ಚಳವನ್ನು ಕೊಟ್ಟಳು.